ಹುಲಗಮ್ಮ ತನ್ನ ಬೇನೆ ಗುರುತಿಸಿದ ಬಗೆ

ಗಂಗಾವತಿ ಸೀಮೆಯ ಕಾಲುವೆ ನೀರಿನ ಊರುಗಳಲ್ಲಿ ಭತ್ತದ ನಾಟಿ ಎಂದರೆ ಹುಲಗಮ್ಮನ ತಂಡವೇ ಬೇಕು. ಇಪ್ಪತ್ತು ಹೆಂಗಸರು. ಸಾಲು ಕೊಂಕುವುದಿಲ್ಲ, ಒಪ್ಪಿದ ದಿನ ತಪ್ಪುವುದಿಲ್ಲ. ಅವಳ ಪಕ್ಕದಲ್ಲಿ ಹದಿನೈದು ವರ್ಷದಿಂದ ಸಸಿ ಹಚ್ಚುತ್ತಿರುವವಳು ಗೆಳತಿ ಜೈನಾಬೀ.

ಮೂರು ವರ್ಷದ ಹಿಂದೆ ಮುಂಗಾರಿನ ನಾಟಿ ಮುಗಿದದ್ದೇ ಹುಲಗಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಎರಡು ತಿಂಗಳು ತಲೆ ಬಾಚಲಿಲ್ಲ, ಕರೆದರೆ ಓಗೊಡಲಿಲ್ಲ. ನಿಶ್ಶಕ್ತಿ ಇರಬೇಕೆಂದು ಮನೆಯವರು ಸಲೈನ್ ಹಚ್ಚಿಸಿದರು. ಆಮೇಲೆ ತಾನಾಗಿ ಎದ್ದಳು. ಎಲ್ಲರೂ ಮರೆತರು.

ಹೋದ ವರ್ಷ ಜನವರಿಯಲ್ಲಿ ಬೇಸಿಗೆ ಬೆಳೆಯ ನಾಟಿ ಶುರುವಾಯಿತು. ಹುಲಗಮ್ಮ ಎಲ್ಲರಿಗಿಂತ ಮೊದಲೇ ಗದ್ದೆಯಲ್ಲಿರುತ್ತಿದ್ದಳು. ಎರಡು ತಾಸು ನಿದ್ದೆ ಮಾಡಿದರೂ ದಣಿವಿಲ್ಲ. ಒಂದು ಮಾತು ಮುಗಿಯುವ ಮುನ್ನ ಇನ್ನೊಂದಕ್ಕೆ ಹಾರುತ್ತಿದ್ದಳು. ಹೆಂಗಸರು ಮೊದಮೊದಲು ನಕ್ಕರು. ಒಂದೇ ಸೋಮವಾರಕ್ಕೆ ನಾಲ್ವರು ರೈತರಿಗೆ ಮಾತು ಕೊಟ್ಟಿದ್ದಾಳೆಂದು ಗೊತ್ತಾಗಿ, ಕೇಳಿದವರ ಮೇಲೆ ಅವಳು ರೇಗಿಬಿದ್ದಾಗ ನಗು ನಿಂತಿತು.

"ಇದು ನಮ್ಮ ಹುಲಗವ್ವ ಅಲ್ಲ," ಅಂದಳು ಜೈನಾಬೀ. "ಅವತ್ತು ಮಲಗಿದ್ದಾಕಿನೂ ನಮ್ಮ ಹುಲಗವ್ವ ಅಲ್ಲ."

ದವಾಖಾನೆಗೆ ಬರಲೊಲ್ಲೆ ಎಂದ ಹುಲಗಮ್ಮನಿಗೆ, "ನೀ ಬರೋತನಕ ನಾ ಗದ್ದಿಗೆ ಇಳಿಯಂಗಿಲ್ಲ" ಎಂದು ಹಟ ಹಿಡಿದು, ಮನೋವೈದ್ಯರು ಬರುವ ದಿನ ಗಂಗಾವತಿಯ ದವಾಖಾನೆಗೆ ಕರೆದೊಯ್ದಳು.

"ನನಗೇನಾಗೇತ್ರಿ? ಇಷ್ಟು ಛಲೋ ನಾ ಎಂದೂ ಇದ್ದಿದ್ದಿಲ್ಲ," ಅಂದಳು ಹುಲಗಮ್ಮ.

ಜೈನಾಬೀ ಆ ಎರಡು ತಿಂಗಳ ವಿಷಯ ಹೇಳಿದಳು. ವೈದ್ಯರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಇದನ್ನ ಹೇಳಿದ್ದು ಭಾಳ ಛಲೋ ಆತು. ಹಂಗ ಕುಗ್ಗಿ ಮಲಗೋದು, ಹಿಂಗ ನಿದ್ದಿ ಇಲ್ದ ಓಡಾಡೋದು, ಎರಡೂ ಒಂದೇ ಬ್ಯಾನಿ. ಬೈಪೋಲಾರ್ ಅಂತಾರ. ಅವತ್ತು ಬರೇ ಮಲಗಿದ್ದಷ್ಟ ನೋಡಿದ್ರ ನಮಗೂ ಗುರುತು ಸಿಗ್ತಿದ್ದಿಲ್ಲ. ಗುಳಿಗಿ ತಪ್ಪಿಸಬ್ಯಾಡ್ರಿ. ಕೆಲಸ ಬಿಡೋದೂ ಬ್ಯಾಡ."

ಮೊದಲ ತಿಂಗಳು ಗುಳಿಗೆಯ ದೆಸೆಯಿಂದ ಕೈ ಸಣ್ಣಗೆ ನಡುಗಿತು. ಹುಲಗಮ್ಮ ಬೈದುಕೊಳ್ಳುತ್ತಲೇ ಗುಳಿಗೆ ನುಂಗಿದಳು. ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಪಡಿಸಿದ ಮೇಲೆ ನಡುಕ ಇಳಿಯಿತು.

ಈ ವರ್ಷ ಆಗಸ್ಟಿನಲ್ಲಿ ನಾಟಿ ಜೋರಾಗಿದ್ದಾಗ ಅವಳಿಗೆ ಮೂರು ದಿನ ನಿದ್ದೆ ಹತ್ತಲಿಲ್ಲ, ದಣಿವೂ ಆಗಲಿಲ್ಲ. ಕಂಡವರಿಗೆಲ್ಲ ಫೋನ್ ಹಚ್ಚಬೇಕೆನಿಸಿತು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಬದುವಿನ ಮೇಲೆ ನಿಂತು ಫೋನನ್ನು ಜೈನಾಬೀಯ ಕೈಗಿಟ್ಟಳು.

"ನಾಕು ದಿನ ಯಾರಿಗೂ ನಾ ಮಾತು ಕೊಡಂಗಿಲ್ಲ. ನೀನ ನೋಡ್ಕೋ. ನಾ ದವಾಖಾನಿಗೆ ಹೊಂಟೆ."

"ನಾ ಬರ್ಲೇನು?"

"ಬ್ಯಾಡ. ದಾರಿ ಗೊತ್ತೈತಿ."

ವೈದ್ಯರು ಗುಳಿಗೆ ಬದಲಿಸಿದರು. ನಿದ್ದೆ ಹತ್ತಿತು. ಐದನೇ ದಿನ ಗದ್ದೆಗೆ ಮರಳಿದಾಗ, ತಂಡಕ್ಕೆ ಹೊಸದಾಗಿ ಸೇರಿದ್ದ ಶ್ವೇತಾ ಏನಾಗಿತ್ತೆಂದು ಕೇಳಿದಳು. ಹುಲಗಮ್ಮ ಬಾಗಿ ಸಸಿ ಹಚ್ಚುತ್ತಲೇ ಎಲ್ಲವನ್ನೂ, ಬೇನೆಯ ಹೆಸರಿನ ಸಮೇತ, ಇಡೀ ಸಾಲಿಗೆ ಕೇಳುವಂತೆ ಹೇಳಿದಳು.