ನಮ್ಮವರ ಎಡಗಾಲು

ನಮ್ಮವರನ್ನು ಬೀದಿಯಲ್ಲಿ ಎಲ್ಲರೂ ಕನ್ನಡಿಯವರು ಎಂದೇ ಕರೆಯುವುದು. ನಮ್ಮದು ಗಾಜಿನ ಅಂಗಡಿ. ಕಿಟಕಿಗೆ ಗಾಜು, ಶೋಕೇಸಿಗೆ ಗಾಜು, ಬಚ್ಚಲಿಗೆ ಕನ್ನಡಿ. ಅವರು ಕತ್ತರಿಸುತ್ತಾರೆ, ನಾನು ಅಂಚು ಉಜ್ಜುತ್ತೇನೆ. ಇಷ್ಟು ವರ್ಷ ಗಾಜಿನ ಮಧ್ಯೆ ಬದುಕಿದ ಮನುಷ್ಯನ ತೋಳಿನ ಮೇಲೆ ಗಾಜು ತಗುಲಿದ ಗುರುತು ಒಂದೂ ಇಲ್ಲ. ಇರುವ ತೂತುಗಳೆಲ್ಲ ಮಗಳು ಸೂಜಿಯಲ್ಲಿ ಮಾಡಿದ್ದು.

ಮಗಳು ಸೈನ್ಯದಲ್ಲಿದ್ದಾಳೆ. ಬಂದೂಕು ಹಿಡಿಯುವವಳಲ್ಲ, ಗಾಯಾಳುಗಳನ್ನು ನೋಡಿಕೊಳ್ಳುವವಳು. ಡಾಕ್ಟರೂ ಅಲ್ಲ. ಡಾಕ್ಟರ್ ಕೈಗೆ ಒಪ್ಪಿಸುವ ತನಕ ಪೆಟ್ಟು ತಿಂದವನ ಜೀವವನ್ನು ಹೇಗಾದರೂ ಹಿಡಿದಿಟ್ಟುಕೊಳ್ಳುವುದು ಅವಳ ಕೆಲಸ. ತರಬೇತಿಯ ಕಾಲದಲ್ಲಿ ರಜೆಗೆ ಬಂದಾಗಲೆಲ್ಲ ಅಪ್ಪನನ್ನೇ ಕುರ್ಚಿಯಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನರ ಸಿಗದಿದ್ದರೆ ಇನ್ನೊಂದು ಸಲ ಚುಚ್ಚುವಳು. ಇವರು ಹಲ್ಲು ಕಚ್ಚಿಕೊಂಡು, “ಪರವಾಗಿಲ್ಲ ಪುಟ್ಟಿ, ಈ ಕಡೆ ನೋಡು, ಇಲ್ಲೊಂದು ದಪ್ಪ ನರ ಇದೆ,” ಎಂದು ತಾವೇ ದಾರಿ ತೋರಿಸುವರು. ಪಕ್ಕದ ಅಂಗಡಿಯ ದರ್ಜಿ ಇವರ ತೋಳು ನೋಡಿ ನನ್ನನ್ನು ಮರೆಗೆ ಕರೆದು, “ಯಾವ ಕಾಯಿಲೆ ಅಕ್ಕಾ? ಮುಚ್ಚಿಡಬೇಡಿ,” ಎಂದ. “ಮಗಳು ಅನ್ನೋ ಕಾಯಿಲೆ ಕಣಪ್ಪ, ಔಷಧಿ ಇಲ್ಲ,” ಎಂದೆ. ಒಂದು ಸಲ ಅಂಗಡಿಗೆ ಬಂದ ಗಿರಾಕಿ, ತಲೆಯಿಂದ ಸೊಂಟದವರೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದ ಇವರನ್ನು ಕಂಡು ಹೌಹಾರಿ ಹೊರಟೇಬಿಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮವರಿಗಂತೂ ಆ ಹೆಗ್ಗಣ ಕಚ್ಚಿದರೂ ಮುದ್ದು.

ಕೆಲಸಕ್ಕೆ ಸೇರಿದ ಮೇಲೆ ಫೋನ್ ಬರುತ್ತಿತ್ತು. ಕೆಲವು ದಿನ ಫೋನ್ ಮಾಡಿದರೂ ಮಾತೇ ಆಡುತ್ತಿರಲಿಲ್ಲ, ಬರೀ ಉಸಿರು. ಆಗ ಇವರು ಅಂಗಡಿಯ ಕತೆ ಶುರು ಮಾಡುವರು. ಯಾರದೋ ಮನೆಯ ಕಿಟಕಿ ಅಳತೆ ತಪ್ಪಿದ್ದು, ನಾನು ಅದಕ್ಕೆ ಬೈದದ್ದು, ಹೊಸ ಕನ್ನಡಿಯಲ್ಲಿ ದರ್ಜಿ ಮೀಸೆ ತಿರುವಿಕೊಂಡದ್ದು. ಅವಳು ಕೊನೆಗೆ, “ಸರಿ ಅಪ್ಪ,” ಎಂದು ಇಟ್ಟುಬಿಡುವಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

“ಏನಾಯ್ತು ಅಂತ ಕೇಳ್ಬಾರ್ದೇನ್ರೀ?”

“ಕೇಳಿದ್ರೆ ಅವಳು ಹೇಳ್ಬೇಕಾಗುತ್ತಲ್ಲೇ,” ಎನ್ನುವರು.

ಈ ಸಲ ರಜೆಗೆ ಬಂದಾಗ ಅವಳ ಕರಾರು ಮುಗಿಯುತ್ತ ಬಂದಿತ್ತು. ಮುಂದುವರಿಯುವುದಾದರೆ ಮತ್ತೆ ಸಹಿ ಹಾಕಬೇಕು, ಇಲ್ಲದಿದ್ದರೆ ಮನೆಗೆ ಬರಬಹುದು. ಇಲ್ಲೇ ಪೇಟೆಯ ನರ್ಸಿಂಗ್ ಹೋಮಿನಲ್ಲಿ ಕೆಲಸ ಕೊಡುವುದಾಗಿ ಒಪ್ಪಿದ್ದರು, ನಾನೇ ಹೋಗಿ ಮಾತಾಡಿಕೊಂಡು ಬಂದಿದ್ದೆ. ಗುಂಡು ಬೀಳುವ ಜಾಗಕ್ಕೆ ನನ್ನ ಮಗಳು ಇನ್ನು ಹೋಗಕೂಡದು. ನನ್ನ ಹಟ ಅದೊಂದೇ. ಇವರು, “ಅವಳಿಷ್ಟ,” ಎಂದರು. ಅವಳು, “ಯೋಚ್ನೆ ಮಾಡ್ತೀನಿ ಅಮ್ಮ,” ಎಂದಳು.

ಹೀಗೆ ಅವಳು ಯೋಚನೆ ಮಾಡುತ್ತಿದ್ದ ದಿನಗಳಲ್ಲೇ ಗಾಜಿನ ಲಾರಿ ಬಂತು.

ಗಾಜನ್ನು ಮಲಗಿಸಿ ತರುವುದಿಲ್ಲ. ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿ, ತುಸು ಒರಗಿಸಿ, ಹಗ್ಗ ಬಿಗಿದು ತರುತ್ತಾರೆ. ಇಳಿಸುವಾಗ ಲಾರಿ ಸಮನಾದ ನೆಲದಲ್ಲಿ ನಿಂತಿರಬೇಕು. ಲಾರಿಯವನು ಎರಡು ಚಕ್ರವನ್ನು ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ್ದ.

“ಗಾಡಿ ವಾಲಿದೆ, ಸ್ವಲ್ಪ ಮುಂದೆ ತಗೊಳ್ಳಪ್ಪ,” ಎಂದರು ಇವರು.

“ನಾನು ಗಾಡಿ ಓಡಿಸೋಕೆ ಶುರು ಮಾಡ್ದಾಗ ನೀವಿನ್ನೂ ಚೆಂಡಲ್ಲಿ ಗಾಜು ಒಡೀತಿದ್ರಿ. ಸುಮ್ನೆ ಹಗ್ಗ ಬಿಚ್ಚಿ,” ಎಂದ ಅವನು.

ಇವರು ನನ್ನ ಕಡೆ ತಿರುಗಿ, ಇವನ ಹತ್ತಿರ ಮಾತಾಡುವುದಕ್ಕಿಂತ ಗೋಡೆಗೆ ಹೇಳುವುದು ವಾಸಿ ಎಂಬಂತೆ ಕೈಯಾಡಿಸಿದರು. ನಾನು ಒಳಗೆ ಬಂದು ಒಂದು ಕನ್ನಡಿಯ ಅಂಚು ಉಜ್ಜುತ್ತ ಕೂತೆ. ಆಮೇಲಿನ ಸದ್ದು ಹೇಗಿತ್ತೆಂದು ಹೇಳಲು ನನಗೆ ಬಾರದು. ಹಗ್ಗ ಸಡಿಲಾದದ್ದೇ ತಡ, ಪೆಟ್ಟಿಗೆ ಪೂರ್ತಿ ಮಗುಚಿ ಬಿದ್ದಿತ್ತು. ದರ್ಜಿ ಆಮೇಲೆ ಹೇಳಿದ: ನಾನು ಕೈಯಲ್ಲಿದ್ದ ಕನ್ನಡಿಯನ್ನು ಹುಷಾರಾಗಿ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಆಮೇಲೆ ಹೊರಗೆ ಓಡಿದೆನಂತೆ. ನನಗೆ ಅದ್ಯಾವುದೂ ನೆನಪಿಲ್ಲ.

ಇವರು ನೆಲದ ಮೇಲಿದ್ದರು. ಎಡಗಾಲಿನ ಮೊಣಕಾಲಿನ ಮೇಲೆ ಪೆಟ್ಟಿಗೆ ಅಡ್ಡ ಬಿದ್ದು, ಆಚೆ ಬದಿಯಲ್ಲಿ ಬೂಟು ಹಾಕಿದ ಪಾದ ಮಾತ್ರ ಹೊರಗಿತ್ತು. ರಕ್ತ ಹೆಚ್ಚಿರಲಿಲ್ಲ. ಲಾರಿಯವನು ಚಕ್ರಕ್ಕೆ ಒರಗಿ ಕೂತಿದ್ದ. ಗಾಜಿನ ಚೂರೊಂದು ಕುತ್ತಿಗೆಯನ್ನು ಸೀಳಿತ್ತು. ಒತ್ತಿ ಹಿಡಿದ ಬೆರಳುಗಳ ನಡುವಿನಿಂದ ರಕ್ತ ಚಿಮ್ಮುತ್ತಿತ್ತು.

ಮಗಳು ಮಹಡಿಯ ಮನೆಯಿಂದ ಇಳಿದು ಬಂದಳು. ನೇರ ಅಪ್ಪನ ಹತ್ತಿರ ಹೋಗಿ ಮಂಡಿಯೂರಿದಳು. ಬೂಟಿನ ಲೇಸು ಸಡಿಲಿಸಿ ಒಳಗೆ ಕೈ ಹಾಕಿದಳು.

“ಅಪ್ಪ, ಬೆರಳು ಆಡಿಸು.”

“ಆಡಿಸ್ತಿದೀನಲ್ಲ. ಏನೂ ಆಗಿಲ್ಲ ಪುಟ್ಟಿ. ಅವನ್ನ ನೋಡು ಹೋಗು.”

ಅವಳು ಕೈ ಹೊರಗೆ ತೆಗೆದು ಎದ್ದಳು. “ಅಮ್ಮ, ಟವೆಲ್!” ಎಂದು ಕೂಗಿದಳು. ಇವರಿಗೆಂದುಕೊಂಡು ನಾನು ಓಡಿಹೋಗಿ ತಂದುಕೊಟ್ಟರೆ, ಅದನ್ನು ಲಾರಿಯವನ ಕುತ್ತಿಗೆಗೆ ಅದುಮಿದಳು. ಬೆರಳುಗಳನ್ನು ಗಾಯದೊಳಗೇ ಇಳಿಸಿ ಎಲ್ಲೋ ಒತ್ತಿ ಹಿಡಿದಳು. ಚಿಮ್ಮುತ್ತಿದ್ದ ರಕ್ತ ನಿಂತಿತು.

ನಮ್ಮ ಪೇಟೆಗೆ ಇರುವುದು ಒಂದೇ ಆಂಬುಲೆನ್ಸು. ಅದು ಬಂದಾಗ ನಾಲ್ಕೈದು ಜನ ಸೇರಿ ಪೆಟ್ಟಿಗೆ ಎತ್ತಲು ಹೆಣಗುತ್ತಿದ್ದರು, ಅದು ಅಲುಗುತ್ತಿರಲಿಲ್ಲ. ದರ್ಜಿ, “ಸ್ವಲ್ಪ ತಡಿಯಮ್ಮಾ, ಜಾಕ್ ತರೋಕೆ ಹೋಗಿದಾರೆ, ನಿಮ್ಮಪ್ಪನ್ನೂ ಇದರಲ್ಲೇ ಕಳಿಸೋಣ,” ಎಂದ. ಮಗಳು ಲಾರಿಯವನನ್ನು ಸ್ಟ್ರೆಚರಿಗೆ ಹತ್ತಿಸಿದಳು. ಅವನ ಕುತ್ತಿಗೆಯಿಂದ ಬೆರಳು ತೆಗೆಯುವ ಹಾಗಿರಲಿಲ್ಲ, ಹಾಗಾಗಿ ತಾನೂ ಜೊತೆಗೇ ಹತ್ತಿದಳು.

“ಇನ್ನೊಂದು ಗಾಡಿಗೆ ಫೋನ್ ಮಾಡಿ. ಅಪ್ಪನ್ನ ನೇರ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬನ್ನಿ,” ಎಂದಳು. ಆಮೇಲೆ ಡ್ರೈವರಿಗೆ, “ಹೊರಡಿ.”

ನಾನು ಅವಳ ಅಂಗಿ ಹಿಡಿದೆ. “ಯಾರನ್ನ ಬಿಟ್ಟು ಹೋಗ್ತಿದೀಯಾ ಗೊತ್ತೇನೇ? ನಿಮ್ಮಪ್ಪ ಕಣೇ!”

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ, ನೆಲದ ಮೇಲಿದ್ದ ಅಪ್ಪನನ್ನು ನೋಡಿದಳು. ಬಾಗಿಲು ಮುಚ್ಚಿತು. ಗಾಡಿ ತಿರುವು ದಾಟಿ ಹೋದ ಮೇಲೂ ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಹೊಡೆದಾಡಲು ಬಂದಂತೆ ಮಾತಾಡಿ, ವಾಲಿಸಿ ಗಾಡಿ ನಿಲ್ಲಿಸಿ, ಈ ಅನಾಹುತ ತಂದಿಟ್ಟವನು ನನ್ನ ಮಗಳ ಕೈಯಲ್ಲಿ ಆಸ್ಪತ್ರೆಗೆ ಹೋದ. ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಬೀದಿಯಲ್ಲಿ ಬಿದ್ದಿದ್ದರು.

ಜಾಕ್ ತಂದು ಪೆಟ್ಟಿಗೆ ಎತ್ತಿ ಇವರನ್ನು ಹೊರಗೆ ತೆಗೆದು, ಪಕ್ಕದ ಊರಿನ ಆಂಬುಲೆನ್ಸು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ದಾರಿಯುದ್ದಕ್ಕೂ ಇವರು, “ನನಗೇನಾಗಿದೆ, ನೀನು ಅಳೋದು ನಿಲ್ಸು,” ಎನ್ನುತ್ತಲೇ ಇದ್ದರು. ದೊಡ್ಡಾಸ್ಪತ್ರೆಯ ಡಾಕ್ಟರ್ ಬೂಟು ಕತ್ತರಿಸಿ ತೆಗೆದು ಪಾದ ಮುಟ್ಟಿದವನೇ ಮುಖ ಸಣ್ಣದು ಮಾಡಿಕೊಂಡ. ಮೊಣಕಾಲಿನ ಹಿಂದೆ ರಕ್ತನಾಳ ಹರಿದುಹೋಗಿತ್ತು. ಸಂಜೆ ಹೊರಗೆ ಬಂದು ಹೇಳಿದ: “ಕಾಲು ತೆಗೀಬೇಕಾಯ್ತು ಅಮ್ಮ. ಮೊದಲ ಗಾಡೀಲೇ ಬಂದಿದ್ರೆ ಉಳಿಸಬಹುದಿತ್ತೇನೋ.”

ಮಗಳು ಅಲ್ಲೇ ಕಾರಿಡಾರಿನಲ್ಲಿ ನಿಂತಿದ್ದಳು. ಲಾರಿಯವನು ಬದುಕಿಕೊಂಡಿದ್ದ. ಅವನ ರಕ್ತ ಇವಳ ಅಂಗಿಯ ಮೇಲೆ ಒಣಗಿತ್ತು. ನಾನು ಜನರೆದುರಿಗೇ ಅಂದೆ: “ಊರಿಗೆ ಉಪಕಾರಿ, ಮನೆಗೆ ಮಾರಿ.” ಅವಳು ಬಾಯಿ ತೆರೆದಿದ್ದರೆ ಹೊಡೆದೇಬಿಡುತ್ತಿದ್ದೆನೋ ಏನೋ.

ಕೆಲವು ದಿನಗಳ ಮೇಲೆ ಇವರನ್ನು ಮನೆಗೆ ಕರೆತಂದೆವು. ಮಹಡಿ ಹತ್ತುವಂತಿಲ್ಲ, ಹಾಗಾಗಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಂಚ ಹಾಕಿದೆವು. ಮರುದಿನ ಬೆಳಿಗ್ಗೆ ಮಗಳು ಅಡುಗೆಮನೆಗೆ ಬಂದು, “ಅಮ್ಮ, ನಾನು ಸಹಿ ಹಾಕಲ್ಲ. ಇಲ್ಲೇ ಇದ್ದುಬಿಡ್ತೀನಿ,” ಎಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸುಳ್ಳೇಕೆ, ನನಗೆ ಸಂತೋಷವೇ ಆಯಿತು. ಅಷ್ಟೆಲ್ಲ ಆದ ಮೇಲೂ ಆಯಿತು.

ಆದರೆ ಈ ಸುದ್ದಿ ಕೇಳಿ ಇವರ ಮುಖ ಕಪ್ಪಿಟ್ಟಿತು. ಕಾಲಿಲ್ಲ ಎಂದು ತಿಳಿದಾಗಲೂ ಅವರು ಹಾಗೆ ಕುಸಿದಿರಲಿಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಹೇಳಿದರು:

“ನನ್ನ ಕಾಲಿನ ವಿಷಯದಲ್ಲಿ ತನ್ನ ಅಂದಾಜು ತಪ್ಪಾಯ್ತು ಅಂದ್ಕೊಂಡು ಕೆಲಸ ಬಿಡ್ತಿದಾಳೆ ಕಣೇ. ಅವಳದೇನೂ ತಪ್ಪಿಲ್ಲ. ಬೆರಳು ಆಡ್ತಿರ್ಲಿಲ್ಲ. ಕಾಲು ಇದೆಯೋ ಇಲ್ವೋ ಅನ್ನೋದೇ ನನಗೆ ಗೊತ್ತಾಗ್ತಿರ್ಲಿಲ್ಲ.”

“ಮತ್ತೆ ಆಡ್ತಿದೆ ಅಂದ್ರಲ್ರೀ!”

“ಇಲ್ಲ ಅಂದಿದ್ರೆ ಅವಳು ಗಾಡಿ ನಿಲ್ಲಿಸ್ಕೊಂಡು ಕಾಯ್ತಿದ್ಲು. ಅವನು ಅವಳ ಕೈಯಲ್ಲೇ ಸಾಯ್ತಿದ್ದ. ಅಪ್ಪನಿಗೋಸ್ಕರ ಒಬ್ಬನ್ನ ಸಾಯಿಸಿದೆ ಅಂತ ಹೊತ್ಕೊಂಡು ಅವಳು ಮತ್ತೆ ಆ ಕೆಲಸಕ್ಕೆ ಹೆಂಗೆ ಹೋಗ್ತಾಳೆ ಹೇಳು? ನೀನೇ ಅವಳಿಗೆ ಹೇಳ್ಬಿಡು. ನಾನು ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ.”

ಸೂಜಿ ಚುಚ್ಚಿಸಿಕೊಳ್ಳಲು ತೋಳು ಕೊಟ್ಟಂತೆ ಕಾಲನ್ನೂ ಕೊಟ್ಟುಬಿಟ್ಟಿದ್ದರು ಪುಣ್ಯಾತ್ಮ. ಯಾರನ್ನು ಬೈಯಬೇಕು, ಯಾರ ಕಾಲಿಗೆ ಬೀಳಬೇಕು ತಿಳಿಯದೆ ಕೂತೆ. ಹೇಳಿದರೆ ಮಗಳು ಹೊರಟುಹೋಗುತ್ತಾಳೆ. ಹೇಳದಿದ್ದರೆ ಜೀವನಪೂರ್ತಿ ನನ್ನ ಕಣ್ಣೆದುರಿಗೇ ಇರುತ್ತಾಳೆ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಆ ಬೀಗ ಬಹಳ ದಿನ ನಿಲ್ಲಲಿಲ್ಲ. ಅಪ್ಪನ ಬ್ಯಾಂಡೇಜು ಬದಲಾಯಿಸಲು ಮಗಳು ನರ್ಸಿಂಗ್ ಹೋಮಿನಿಂದ ಬೇರೆ ನರ್ಸನ್ನು ಕರೆಸುತ್ತಿದ್ದಳು. ತಾನು ಮುಟ್ಟುತ್ತಿರಲಿಲ್ಲ. ಒಂದು ದಿನ ನರ್ಸ್ ಬರಲಿಲ್ಲ, ಕಟ್ಟು ಒದ್ದೆಯಾಗಿ ವಾಸನೆ ಬರುತ್ತಿತ್ತು. ಇವಳು ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ. ಇವರು ಗೋಡೆ ಕಡೆ ಮುಖ ಮಾಡಿ ನಿದ್ದೆ ಬಂದವರಂತೆ ನಟಿಸುತ್ತಿದ್ದರು. ನನಗೆ ನೋಡಲಾಗಲಿಲ್ಲ. ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಇವರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. “ನಿನ್ನ ತಪ್ಪಲ್ಲ ಕಣೇ. ನಿಮ್ಮಪ್ಪ ಸುಳ್ಳು ಹೇಳಿದ್ರು.”

“ನನಗೆ ಗೊತ್ತಿತ್ತು, ಅಮ್ಮ.”

“ಏನು ಗೊತ್ತಿತ್ತು?”

“ಬೂಟೊಳಗೆ ಕೈ ಹಾಕಿದ್ನಲ್ಲ. ನಾಡಿ ಇರ್ಲಿಲ್ಲ. ಬೆರಳು ಅಲ್ಲಾಡ್ಲಿಲ್ಲ. ಅಪ್ಪ ಸುಳ್ಳು ಹೇಳ್ತಿದಾನೆ ಅಂತ ಆಗ್ಲೇ ಗೊತ್ತಾಯ್ತು. ತಡ ಆದ್ರೆ ಕಾಲು ಹೋಗುತ್ತೆ ಅಂತಾನೂ ಗೊತ್ತಿತ್ತು. ಗೊತ್ತಿದ್ದೇ ಹೋದೆ.”

ನನ್ನ ಎದುರಿಗೆ ನಿಂತವಳು ನಾನು ಹೆತ್ತವಳೇ ಹೌದೇ ಎಂದು ಒಂದು ಕ್ಷಣ ನಿಜವಾಗಿಯೂ ಹೆದರಿದೆ. ಅಪ್ಪನದು ಸುಳ್ಳೆಂದು ಮಗಳಿಗೆ ಗೊತ್ತು. ಅಪ್ಪ ಆ ಸುಳ್ಳು ಹೇಳಿದ್ದೇ ಅವಳು ಹೋಗಲೆಂದು. ಬೀದಿಯ ತುಂಬ ಜನ ನಿಂತಿರುವಾಗ, ನಾನು ಟವೆಲ್ಲಿಗೆ ಓಡುವಷ್ಟರಲ್ಲಿ, ಇವರಿಬ್ಬರೂ ಸೇರಿ ಒಂದು ಕಾಲಿನ ವ್ಯವಹಾರ ಮುಗಿಸಿಬಿಟ್ಟಿದ್ದರು.

“ಹಾಗಾದ್ರೆ ಕೆಲಸ ಯಾಕೆ ಬಿಡ್ತಿದೀಯಾ?” ಎಂದೆ.

“ಗಾಡಿ ಹತ್ತೋವಾಗ ನನ್ನ ಕೈ ನಡುಗ್ಲೇ ಇಲ್ಲ ಅಮ್ಮ. ಅಪ್ಪನ್ನ ಬಿಟ್ಟು ಹೋಗ್ತಿದೀನಿ, ಕೈ ಮಾತ್ರ ನೆಟ್ಟಗಿದೆ. ನಾನು ಇಂಥವಳಾಗಿಬಿಟ್ನಲ್ಲ ಅಂತ ನನ್ನ ಕಂಡ್ರೆ ನನಗೇ ಭಯ.” ಅವಳು ಆಗ ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. “ನೀನೇ ಹೇಳು. ಹೋಗ್ಲಾ, ಇರ್ಲಾ?”

ಇರು ಎನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಅದಕ್ಕಾಗಿಯೇ ನಾನು ವರ್ಷಗಟ್ಟಲೆ ಕಾದಿದ್ದೆ.

“ನಾನಾಗಿದ್ರೆ ಅವನ್ನ ಸಾಯೋಕೆ ಬಿಡ್ತಿದ್ದೆ,” ಎಂದೆ. “ನಿಮ್ಮಪ್ಪನ ಕಾಲು ಹಿಡ್ಕೊಂಡು ಅಲ್ಲೇ ಕೂತಿರ್ತಿದ್ದೆ. ಅವನು ಕಣ್ಣೆದುರಿಗೇ ಸತ್ರೂ ತಿರುಗಿ ನೋಡ್ತಿರ್ಲಿಲ್ಲ. ನನ್ನಂಥವರು ಈ ಬೀದಿ ತುಂಬ ಇದೀವಿ, ಪುಟ್ಟಿ. ನೀನು ಹೋಗಿ ಸಹಿ ಹಾಕು.”

ಅವಳು ಕಣ್ಣೊರೆಸಿಕೊಂಡಳು.

“ಅದಕ್ಕೆ ಮುಂಚೆ ಕೈ ತೊಳ್ಕೊಂಡು ನಿಮ್ಮಪ್ಪನ ಕಟ್ಟು ಬದಲಾಯ್ಸು. ಆಗ್ಲಿಂದ ಒದ್ದೇಲೇ ಮಲಗಿದಾರೆ.”

ನಲ್ಲಿ ಬಿಟ್ಟು ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡಳು. ಆಮೇಲೆ ಕೆಳಗೆ ಅಪ್ಪನ ಕೋಣೆಗೆ ಹೋದಳು. ನಾನು ಅಡುಗೆಮನೆಯಲ್ಲೇ ಉಳಿದೆ. ಆ ಗಾಯವನ್ನು ನೋಡುವ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ.