ನೆಲಕ್ಕೆ ಇಳಿಸಿದ ಮೇಲೆ

ಕುಂಭಾರಿಯಲ್ಲಿ ಬರೀ ಶೀತಲ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ದವಾಖಾನೆಯ ಶೀತಲ ಎನ್ನಬೇಕು. ಆಗ ಕಟ್ಟೆಯ ಮೇಲೆ ಕೂತವರು ಕೈ ಚಾಚಿ ದಾರಿ ಹೇಳುತ್ತಾರೆ. ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ನೋಟ ಮೊದಲು ಇರಲಿಲ್ಲ. ಅವಳ ಅತ್ತೆ ಇಂದುಬಾಯಿ ತೀರಿಹೋದ ದಿನದಿಂದ ಬಂದದ್ದು.

ಶೀತಲ ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ನರ್ಸ್. ಎಚ್ಚರ ತಪ್ಪಿದವರನ್ನು ಇಡುವ ಐಸಿಯುದಲ್ಲಿ ಅವಳ ಡ್ಯೂಟಿ. ಮದುವೆಯಾಗಿ ಬಂದ ಹೊಸದರಲ್ಲಿ ಇಂದುಬಾಯಿಗೇ ಈ ನೌಕರಿ ಸೇರುತ್ತಿರಲಿಲ್ಲ. "ಹೊಲ ಇದ್ದ ಮನಿ ಸೊಸಿ ಮಂದಿ ಹೇಲುಚ್ಚಿ ಬಳ್ಯಾಕ ಹೋಗತಾಳಂದ್ರ ನಾ ಯಾರಿಗಿ ಮಾರಿ ತೋರಿಸ್ಲಿ?" ಎಂದು ನೆರೆಯವರ ಮುಂದೆ ಅತ್ತಿದ್ದಳು. ಬರಬರುತ್ತ ಅದೇ ಬಾಯಿ, ಯಾರಿಗೆ ಜ್ವರ ಬಂದರೂ "ತಡೀರಿ, ನಮ್ಮ ಸೊಸಿ ಬರ್ಲಿ, ನೋಡತಾಳ" ಎನ್ನತೊಡಗಿತು. ಮುಂಜಾನೆ ಸೊಸೆ ಸ್ಕೂಟಿ ತೆಗೆಯುವ ಹೊತ್ತಿಗೆ ರೊಟ್ಟಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ. "ಉಣಲಾರದ ಹೊಳ್ಳಿ ತಂದ್ಯಂದ್ರ ಡಬ್ಬಿ ನಿನ್ನ ತಲಿಮ್ಯಾಲ ಒಗೀತೀನಿ ನೋಡ."

ಅಂಥ ಹೆಂಗಸಿಗೆ ಹೋದ ವರ್ಷ ಬೇಸಿಗೆಯ ಬಾಯಲ್ಲಿ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದವು, ಮಾತು ಮುದ್ದೆಯಾಯಿತು. ಆಗುವುದನ್ನೆಲ್ಲ ಮಾಡಿ ಡಾಕ್ಟರು ಮನೆಗೆ ಕಳಿಸಿದರು. ಶೀತಲಳ ಸೂಟಿ-ರಜೆಯೆಲ್ಲ ಅಷ್ಟರಲ್ಲೇ ಮುಗಿದುಹೋಗಿತ್ತು.

ಇಂಥವರನ್ನು ಎಷ್ಟೋ ಸಲ ಲಕ್ವ ಕೊಲ್ಲುವುದಿಲ್ಲ, ಬೆನ್ನು ಕೊಲ್ಲುತ್ತದೆ ಎಂಬುದು ಅವಳಿಗೆ ಗೊತ್ತು. ಮಲಗಿದ ಮಗ್ಗುಲಲ್ಲೇ ಮಲಗಿದ್ದರೆ ಎಲುಬು ಒತ್ತುವ ಕಡೆ ಚರ್ಮ ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಒಂದು ದಿನ ಒಡೆಯುತ್ತದೆ. ಒಡೆದರೆ ಹುಣ್ಣು ಒಳಗೊಳಗೇ ಎಲುಬಿನ ತನಕ ಇಳಿಯುತ್ತದೆ. ಅತ್ತೆಯ ಬೆನ್ನು ಒಡೆಯಗೊಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಮೋಟಾರಿನಿಂದ ಗಾಳಿ ಏರಿ ಇಳಿಯುವ ಒಂದು ಗಾದಿ ತಂದು ಮಂಚದ ಮೇಲೆ ಹಾಸಿದಳು. ತಾನು ಮನೆಯಲ್ಲಿದ್ದಾಗ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವಳು. ತಾನಿಲ್ಲದ ಹಗಲಿಗೆ ಗಂಡ ಕೈಲಾಸನೇ ಗತಿ.

"ನನ್ನ ಕಡಿಂದ ಆಗಂಗಿಲ್ಲ," ಎಂದ ಕೈಲಾಸ. "ಹಡದವ್ವನ ಸೀರಿಗಿ ಕೈ ಹಚ್ಚಲೇನು?"

"ನಿಮ್ಮ ಕುಂಡಿ ತೊಳ್ಯಾಗ ಆಕಿ ಹಿಂಗ ಕೇಳಿದ್ಳೇನ್ರಿ?"

ಮಂಚದ ಮೇಲೆ ಇಂದುಬಾಯಿ ಸೊಟ್ಟ ಬಾಯಲ್ಲೇ ನಕ್ಕಳು. ಕೈಲಾಸ ಕಲಿತ. ಮೊಣಕಾಲು ಮಡಿಸಿ, ಭುಜ ಹಿಡಿದು, ಬೆನ್ನಿಗೆ ತಲೆದಿಂಬು ಕೊಟ್ಟು ಹೊರಳಿಸುವುದನ್ನು ಕಲಿತ. ಒದ್ದೆಯಾದ ಸೀರೆ ಬದಲಿಸುವುದನ್ನೂ ಕಲಿತ. ಆದರೆ ಬಾಗಿಲಿಗೆ ಅಗಳಿ ಹಾಕಿಯೇ ಮಾಡುವನು. "ಯಾರ ಮುಂದೂ ಅನಬ್ಯಾಡ," ಎಂದು ಹೆಂಡತಿಯಿಂದ ಕೈ ಮೇಲೆ ಕೈ ಹಾಕಿಸಿಕೊಂಡು ಆಣೆ ಮಾಡಿಸಿದ್ದ. ಹಗಲಲ್ಲಿ ಮುದುಕಿಯನ್ನು ಯಾರು ನೋಡುತ್ತಾರೆ ಎಂದು ಕೇಳಿದವರಿಗೆ "ನಡದದ ಹ್ಯಾಂಗೋ" ಎಂದು ತೊಗರಿಯ ಮಾತು ತೆಗೆಯುತ್ತಿದ್ದ. ನೌಕರಿಗೆ ಹೋಗುವ ಸೊಸೆ ಅತ್ತೆಯನ್ನು ಹಗಲೆಲ್ಲ ಹಾಗೇ ಬಿಟ್ಟುಹೋಗುತ್ತಾಳೆ ಎಂದು ಊರು ತಿಳಿಯಿತು. ಶೀತಲ ಸುಮ್ಮನಿದ್ದಳು. ಸಂಜೆ ಬಂದವಳೇ ಕೈ ತೊಳೆದು ಅತ್ತೆಯ ಬೆನ್ನ ಮೇಲೆ ಅಂಗೈ ಆಡಿಸುವಳು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಬೆನ್ನು ಹಸುಗೂಸಿನ ಬೆನ್ನಿನ ಹಾಗೆ ಉಳಿದಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಂದುಬಾಯಿಯ ಮೈ ಸೆಟೆದು ಅದುರಿತು, ಕಣ್ಣು ಮೇಲೆ ಸಿಕ್ಕವು, ಆಮೇಲೆ ಎಚ್ಚರ ಹೋಗಿ ಉಸಿರು ಗೊರಗೊರ ಎನ್ನತೊಡಗಿತು. ಕೈಲಾಸ ಗಾಬರಿಬಿದ್ದು ಹೆಂಡತಿಗೆ ಫೋನು ಹಚ್ಚಿದ. ಐಸಿಯುದೊಳಗೆ ಫೋನು ಒಯ್ಯಗೊಡುವುದಿಲ್ಲ, ಅದು ಕಪಾಟಿನಲ್ಲಿ ಬಡಿದುಕೊಂಡು ಸುಮ್ಮನಾಯಿತು. ಅವನು ದೊಡ್ಡಪ್ಪ ಕಲ್ಲಣ್ಣನನ್ನು ಕರೆತಂದ. ಕಲ್ಲಣ್ಣ ಮನೆತನದ ಹಿರಿಯ. ಊರಲ್ಲಿ ಅವನು ನಿಲ್ಲದ ಸಾವು ಇಲ್ಲ. ಉಸಿರು ಕೇಳಿ, ಪಾದ ಮುಟ್ಟಿ ನೋಡಿದ.

"ತಂಪ ಹತ್ಯಾವ. ತಡಿಬ್ಯಾಡ ಕೈಲಾಸ. ಮಂಚದ ಮ್ಯಾಲ ಜೀವ ಹೋದ್ರ ಗತಿ ಇಲ್ಲ. ಕೆಳಗ ಇಳಸು ನಿಮ್ಮವ್ವನ್ನ."

ಇಳಿಸಿದರು. ನೆಲಕ್ಕೆ ಒಂದು ಕಂಬಳಿ, ಅದರ ಮೇಲೆ ಮುದುಕಿ. ಗಾದಿಯ ಗಾಳಿ ಬಿಟ್ಟು ಸುತ್ತಿ ಅಟ್ಟಕ್ಕೆ ಎಸೆದರು. ಮಂಚವನ್ನು ಅಂಗಳದ ಗೋಡೆಗೆ ನಿಲ್ಲಿಸಿದರು. ವಳಸಂಗಕ್ಕೆ ಮದುವೆ ಮಾಡಿಕೊಟ್ಟ ಕೈಲಾಸನ ಅಕ್ಕ ರೂಪಾಲಿಗೆ ಸುದ್ದಿ ಹೋಯಿತು.

ಸಂಜೆ ಶೀತಲ ಬಂದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಮಂದಿಯನ್ನು ಸರಿಸಿ ಹೋಗಿ ಅತ್ತೆಯ ನಾಡಿ ಹಿಡಿದಳು, ರೆಪ್ಪೆ ಎತ್ತಿ ನೋಡಿದಳು.

"ಮಾವಾರ, ಇದು ಹೋಗೋ ಉಸರಲ್ಲ. ಫಿಟ್ಸ್ ಬಂದು ದಣದಾರ. ನಾಳಿಗಿ ಕಣ್ಣ ತೆರೀತಾರ."

"ತೆರದ್ರ ದೇವರ ದಯಾ, ತಂಗಿ," ಎಂದ ಕಲ್ಲಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಮುಂಜಾನೆ ಇಂದುಬಾಯಿ ಕಣ್ಣು ತೆರೆದಳು, ಚಮಚೆಯಲ್ಲಿ ಕೊಟ್ಟ ನೀರು ನುಂಗಿದಳು. ಹಿಗ್ಗಬೇಕಾದ ಮನೆಯವರು ಕಲ್ಲಣ್ಣನ ಮುಖ ನೋಡಿದರು. ಶೀತಲ ಅಂಗಳಕ್ಕೆ ಹೋಗಿ ಮಂಚಕ್ಕೆ ಕೈ ಹಾಕಿದಳು.

"ಬ್ಯಾಡವ್ವಾ," ಎಂದ ಕಲ್ಲಣ್ಣ. "ಇಳಿಸಿದವ್ರನ್ನ ಹೊಳ್ಳಿ ಏರಸಂಗಿಲ್ಲ. ಏರಿಸಿದ್ರ ಆ ನೆಲ ಇದೇ ಮನ್ಯಾಗಿನ ಮತ್ತೊಬ್ಬರನ್ನ ಬೇಡತದ."

ರೂಪಾಲಿ ತಮ್ಮನ ಮುಖ ನೋಡಿ ಸೆರಗು ಬಾಯಿಗೆ ಒತ್ತಿದಳು. "ನನಗ ಇರಾಂವ ಇವನೊಬ್ನ ತಮ್ಮ, ಶೀತಲಾ."

"ಹಂಗಾರ ಮಂಚ ಬ್ಯಾಡ. ಗಾದಿ ನೆಲದ ಮ್ಯಾಲೇ ಹಾಸ್ತೀನಿ."

"ಮೈ ಭೂಮಿಗಿ ಹತ್ತಬೇಕು," ಎಂದ ಕಲ್ಲಣ್ಣ. "ನಡುವ ಗಾಳಿ ತುಂಬಿಟ್ರ ಇಳಿಸಿದಂಗ ಆತೇನು? ಇನ್ನ ದವಾಖಾನಿ ಮಾತಂತೂ ತಗೀಬ್ಯಾಡ, ಅದೂ ಮಂಚಾನ."

ಶೀತಲ ಕೈಲಾಸನ ಕಡೆ ನೋಡಿದಳು. ಅವನು ಮಂಚದ ಕಾಲು ನೋಡುತ್ತಿದ್ದ. ನೆಲ ಯಾರನ್ನೂ ಬೇಡುವುದಿಲ್ಲ ಎಂದು ಅವಳಿಗೆ ಗೊತ್ತು, ಎಷ್ಟು ಸಾವು ಕಂಡವಳು. ಆದರೂ ಮಾತು ಗಂಡನ ಜೀವದ ತನಕ ಬಂದಿತ್ತು. ನಾಳೆ ಇವನು ಬೈಕಿನ ಮೇಲೆ ಹೋಗುವಾಗ ಏನಾದರೂ ಆದರೆ? ಮಂಚದ ಮೇಲಿನ ಕೈ ತಾನಾಗಿಯೇ ಕೆಳಗೆ ಬಂತು. ಆ ಕೈಯನ್ನು ಅವಳು ಇವತ್ತಿಗೂ ಬೈದುಕೊಳ್ಳುತ್ತಾಳೆ.

ಸಾಯಲಿರುವವಳನ್ನು ನೋಡಲು ಬಂದ ಬಂಧುಗಳು ಹೋಗಲಿಲ್ಲ. ಹೋದವರ ಜಾಗಕ್ಕೆ ಬೇರೆಯವರು ಬಂದರು. ಮನೆ ತುಂಬಿತ್ತು, ಬಾಗಿಲು ಹಗಲೆಲ್ಲ ತೆರೆದೇ ಇತ್ತು. ತೆರೆದ ಬಾಗಿಲಲ್ಲಿ ಕೈಲಾಸ ತಾಯಿಯ ಸೀರೆ ಮುಟ್ಟುವುದು ಹೇಗೆ? ಅವನು ಗಂಡಸರ ನಡುವೆ ಮಗನ ಹಾಗೆ ಕೂತ, ಎದ್ದ, ಚಹಾ ತರಿಸಿದ. ಶೀತಲ ಇದ್ದಷ್ಟು ಹೊತ್ತು ಹೊರಳಿಸುವಳು. ಅದಕ್ಕೂ ರೂಪಾಲಿ ಬಿಡಳು.

"ಹೋಗೋ ಜೀವ, ಸುಮ್ನ ಹೋಗಾಕ ಬಿಡಬಾರದೇನು? ಹೊಳ್ಳಸೂದು, ಮತ್ತ ಹೊಳ್ಳಸೂದು. ಹಂಚಿನ ಮ್ಯಾಗಿನ ರೊಟ್ಟಿ ಏನು?"

"ಅಕ್ಕಾರ, ಒಂದ ಕಡಿ ಬಿಟ್ರ ಮೈ ಒಡೀತದ್ರಿ. ನಾ ಡ್ಯೂಟಿಗಿ ಹೋದಾಗ ನೀವರ ಹೊಳ್ಳಸ್ರಿ, ಕೈ ಮುಗೀತೀನಿ."

ರೂಪಾಲಿ ಒಂದು ಸಲ ಮಾಡಿ ನೋಡಿದಳು. ಇಂದುಬಾಯಿ ನೋವಿಗೆ ನರಳಿದಳು. ರೂಪಾಲಿ ಕೈಬಿಟ್ಟು ಅತ್ತಳು. "ನನ್ನವ್ವಗ ನೋಯ್ಸೂದು ನನಗ ಆಗಂಗಿಲ್ಲ. ನಿನಗ ರೂಢಿ ಐತಿ, ಕಲ್ಲ ಆಗೀದಿ."

ಶೀತಲ ಸೂಟಿ ಕೇಳಿದಳು, ಸಿಗಲಿಲ್ಲ. ನೌಕರಿ ಬಿಡುವ ಹಾಗೂ ಇರಲಿಲ್ಲ, ಹೊಲದ ಬಾವಿಯ ಸಾಲದಿಂದ ವಸತಿ ಸಾಲೆಯಲ್ಲಿದ್ದ ಮಗಳ ಖರ್ಚಿನ ತನಕ ಎಲ್ಲ ಅವಳ ಪಗಾರದ ಮೇಲೆಯೇ ನಿಂತಿತ್ತು. ಹಗಲೆಲ್ಲ ಐಸಿಯುದಲ್ಲಿ ಹೆಸರು ತಿಳಿಯದವರ ಬೆನ್ನು ಹೊರಳಿಸಿ, ಪುಡಿ ಹಚ್ಚಿ, ದಿಂಬು ಕೊಟ್ಟು ಬರುವಳು. ಮನೆಯಲ್ಲಿ ಅತ್ತೆಯ ಬೆನ್ನು ದಿನಕ್ಕಿಷ್ಟು ಕೆಂಪಾಗುತ್ತಿತ್ತು. ಒಂದು ಸಂಜೆ ಅಂಗೈ ಆಡಿಸಿದರೆ ಟೊಂಕದ ಕೆಳಗೆ ಒದ್ದೆ ಹತ್ತಿತು. ಬಟ್ಟೆಯ ಒದ್ದೆಯಲ್ಲ. ಅವಳು ಬಹಳ ಹೊತ್ತು ಅಲ್ಲಿಂದ ಕೈ ತೆಗೆಯಲಿಲ್ಲ. ಇಂದುಬಾಯಿ ಕಣ್ಣೆತ್ತಿ ಸೊಸೆಯನ್ನೇ ನೋಡುತ್ತಿದ್ದಳು. ಆ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು.

ಆಮೇಲೆ ಎಲ್ಲ ಬೇಗಬೇಗ ಆಯಿತು. ಅಂಗೈ ಅಗಲದ ಹುಣ್ಣು, ವಾಸನೆ, ಜ್ವರ. ಬಂದವರು ಊದಿನಕಡ್ಡಿ ಹಚ್ಚಿ ಮೂಗಿಗೆ ಸೆರಗು ಹಿಡಿದರು. ಶೀತಲ ದಿನಾ ತೊಳೆದು ಪಟ್ಟಿ ಕಟ್ಟುವಳು, ನೆಲ ಮತ್ತೆ ಒತ್ತುವುದು. ಒಂದು ಮುಂಜಾನೆ ಇಂದುಬಾಯಿ ಹೋದಳು. ಕಲ್ಲಣ್ಣ ಕೈ ಮುಗಿದು, "ನೆಲದ ಮ್ಯಾಲೇ ಹೋದ್ಳು, ಪುಣ್ಯವಂತಿ," ಎಂದ.

ಅಂಗಳದಲ್ಲಿ ಸೀರೆಯ ಮರೆ ಹಿಡಿದು ಹೆಂಗಸರು ಮೈ ತೊಳೆಯಲು ಕೂತರು. ಹೊರಳಿಸಿದಾಗ ಹಳೆಯ ಪಟ್ಟಿ ಬಿಚ್ಚಿ ಬಿತ್ತು. ನೀರು ಹಾಕುತ್ತಿದ್ದ ಕೈಗಳು ನಿಂತವು. ಮೊದಲು ಬಾಯಿ ತೆರೆದವಳು ರೂಪಾಲಿ.

"ಅಯ್ಯಯ್ಯೋ ನನ್ನವ್ವಾ! ಊರ ಮಂದಿನ್ನ ಜ್ವಾಕಿ ಮಾಡಾಕಿ ಮನ್ಯಾಗ ಇದ್ದು ನಿನಗ ಇಂಥಾ ಬೆನ್ನ ಆತೇನ?"

"ಪಗಾರ ಕೊಟ್ರ ನೋಡತಾರವ್ವಾ, ಅತ್ತಿ ಏನ ಪಗಾರ ಕೊಡತಾಳು?" ಎಂದಳು ಹಿಂದೆ ನಿಂತ ಒಬ್ಬಳು.

ಮರೆಯ ಆಚೆ ಗಂಡಸರು ಚಟ್ಟ ಕಟ್ಟುತ್ತಿದ್ದರು. ಕೈಲಾಸ ಅಲ್ಲೇ ಇದ್ದ. ಎಲ್ಲ ಕೇಳಿಸಿತು. ಶೀತಲ ಒಂದು ಕ್ಷಣ ಕಾದಳು. ಮರೆಯ ಆಚೆಯಿಂದ ಹಗ್ಗ ಎಳೆಯುವ ಸಪ್ಪಳ ಬಿಟ್ಟರೆ ಬೇರೇನೂ ಬರಲಿಲ್ಲ. ಅವಳು ಎದ್ದು ಒಳಗೆ ಹೋಗಿ ಹೊಸ ಪಟ್ಟಿ, ಔಷಧದ ನೀರು ತಂದಳು. ಹುಣ್ಣನ್ನು ಅಂಚಿನಿಂದ ಅಂಚಿಗೆ ತೊಳೆದು ಒರೆಸಿದಳು.

"ಸತ್ತವ್ರಿಗಿ ಯಾತರ ಪಟ್ಟಿ?" ಎಂದರು ಹೆಂಗಸರು.

ಅವಳು ಹೊಸ ಪಟ್ಟಿ ಸುತ್ತಿ, ಗಂಟು ಬಿಗಿದು ಮುಗಿಸಿದಳು.

ದಿನಕರ್ಮ ಮುಗಿದು ಬಂಧುಗಳು ಹೋದ ಮೇಲೆ, ಒಲೆಯ ಮುಂದೆ ಗಂಡನಿಗೆ ಊಟಕ್ಕೆ ಬಡಿಸುತ್ತ ಕೇಳಿದಳು: "ಅಷ್ಟು ಮಂದಿ ಅನ್ನಾಗ ನೀವ್ಯಾಕ ಒಂದ ಮಾತ ಅನಲಿಲ್ರಿ?"

ಕೈಲಾಸ ರೊಟ್ಟಿ ಮುರಿದ. "ಏನಂತ ಅನ್ಲಿ? ಅವ್ವನ ಸೀರಿ ದಿನಾ ನಾ ಬದಲ ಮಾಡ್ತಿದ್ದೆ, ನೀವು ಬಂದು ಕುಂತ್ರಿ, ಅದಕ್ಕ ಬಿಟ್ಟೆ ಅಂತ ಅನ್ಲೇನು?"

"ಹೂಂ. ಅದನ್ನ ಅನಬೇಕಿತ್ತು."

ಅವನು ಮುರಿದ ತುತ್ತನ್ನು ತಾಟಿಗೆ ಹಾಕಿ ಸರಿಸಿದ. ಅವಳು ತಾಟು ಅಲ್ಲೇ ಬಿಟ್ಟು ಎದ್ದಳು. ಮರುದಿನ ಮುಂಜಾನೆ ತನ್ನ ಡಬ್ಬಿ ತಾನೇ ಕಟ್ಟಿಕೊಂಡು ಡ್ಯೂಟಿಗೆ ಹೋದಳು. ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿ, ಸ್ಕೂಟಿ ದಾಟಿದ ಮೇಲೆ ಮತ್ತೆ ಶುರು ಮಾಡಿದರು.