ಫೋಮ್ ಗೋಡೌನಿನ ಸೀಟಿ

ಹೋದ ವಾರ ಮೊಮ್ಮಗಳಿಗೆ ನೆಬ್ಯುಲೈಸರ್ ಕೊಡಿಸಲು ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ಪುಟ್ಟ ಮಾಸ್ಕನ್ನು ಸ್ಪಿರಿಟ್ಟಿನಿಂದ ಒರೆಸಿದಳು. ರಬ್ಬರೂ ಸ್ಪಿರಿಟ್ಟೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಲೀಡಿಂಗ್ ಸಾರ್ ಎದುರಿಗೇ ಬಂದು ನಿಂತ ಹಾಗಾಯಿತು...

ಪೀಣ್ಯದ ಆಚೆ ಒಂದು ಸಣ್ಣ ಅಗ್ನಿಶಾಮಕ ಠಾಣೆಯಲ್ಲಿ ನಾನು ಫೈರ್‌ಮನ್ ಆಗಿದ್ದೆ. ಅವರು ಲೀಡಿಂಗ್ ಫೈರ್‌ಮನ್, ನಮ್ಮ ತಂಡದ ಹಿರಿಯರು. ಅಲ್ಲೇ ಹತ್ತಿರದ ಹಳ್ಳಿಯವರು. ಚಿಕ್ಕಂದಿನಲ್ಲಿ ಅವರು ಎಮ್ಮೆ ಮೇಯಿಸಿದ ಜಾಗದಲ್ಲೆಲ್ಲ ಆಗಲೇ ಕಾರ್ಖಾನೆ ಶೆಡ್ಡುಗಳು ಎದ್ದಿದ್ದವು. ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಉಸಿರಾಟದ ಮಾಸ್ಕುಗಳನ್ನು ತಾವೇ ಸ್ಪಿರಿಟ್ಟಿನಿಂದ ಒರೆಸಿಟ್ಟು, ಒಬ್ಬೊಬ್ಬರ ಕೆನ್ನೆ ಸವರಿ ನೋಡುತ್ತಿದ್ದರು. "ಗಡ್ಡ ಬಿಟ್ರೆ ಮಾಸ್ಕು ಕೂರಲ್ಲ ಕಣ್ಲಾ. ಒಗೆಗೆ ಬಾಗ್ಲು ತೆಗೆದಿಟ್ಟಂಗೆ."

ಅದಕ್ಕೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರುವ ಮೊದಲು ಒಂದು ಪೇಂಟ್ ಶೆಡ್ಡಿಗೆ ಬೆಂಕಿ ಬಿದ್ದಾಗ ಅವರೂ ಅವರ ಜೊತೆಗಾರನೂ ಒಳಗೆ ಹೋಗಿದ್ದರು. ಆಗಿನ ಉಸಿರಾಟದ ಸೆಟ್ಟುಗಳು ಹಳೆಯವು. ಬೆನ್ನಿಗೆ ಉಕ್ಕಿನ ಭಾರದ ಸಿಲಿಂಡರ್. ಮಾಸ್ಕಿನ ಅಂಚು ಚೂರು ಸಡಿಲವಾದರೂ ಹೊಗೆ ನುಗ್ಗುತ್ತಿತ್ತು. ಗಾಳಿ ಮುಗಿಯುತ್ತ ಬಂದರೆ ಸಣ್ಣದೊಂದು ಸೀಟಿ ಕೂಗುತ್ತಿತ್ತು. ಹೊಗೆಯಲ್ಲಿ ಇಬ್ಬರೂ ಬೇರೆಯಾದರು. ಇವರು ಹೊರಗೆ ಬಂದರು. ಒಳಗಿನಿಂದ ಜೊತೆಗಾರನ ಸೀಟಿ ಕೇಳಿಸುತ್ತಲೇ ಇತ್ತಂತೆ. ಮತ್ತೆ ನುಗ್ಗಲು ಹೋದವರನ್ನು ನಾಲ್ಕು ಜನ ಹಿಡಿದು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಸೀಟಿ ನಿಂತಿತು... ಇದನ್ನೆಲ್ಲ ನನಗೆ ಹೇಳಿದ್ದು ನಮ್ಮ ಡ್ರೈವರ್. ಸಾರ್ ಆ ಮಾತೇ ಎತ್ತುತ್ತಿರಲಿಲ್ಲ.

ಹೊಸ ಸೆಟ್ಟು ಬೇಕೆಂದು ವರ್ಷಗಟ್ಟಲೆ ಅರ್ಜಿ ಬರೆದರು. ಕೊನೆಗೂ ನಾಲ್ಕು ಬಂದವು. ಹಗುರವಾದ ಸಿಲಿಂಡರ್, ಮಾಸ್ಕಿನೊಳಗೆ ಗಾಳಿಯ ಒತ್ತಡ ಇರುತ್ತಿದ್ದುದರಿಂದ ಹೊಗೆ ಒಳಗೆ ಬರುತ್ತಿರಲಿಲ್ಲ, ಸೀಟಿಯ ಬದಲು ಬೀಪ್ ಬೀಪ್ ಎನ್ನುವ ಸದ್ದು. ಹಳೆಯವನ್ನೆಲ್ಲ ಜೀಪಿಗೆ ಹೇರಿ ಸ್ಟೋರಿಗೆ ವಾಪಸ್ ಕಳಿಸಿದೆವು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಬಿಸಿಲಿನಲ್ಲೇ ನಿಂತಿದ್ದರು.

ಅದಾದ ಮೂರನೇ ವಾರ, ಮಟಮಟ ಮಧ್ಯಾಹ್ನ, ಹಾಸಿಗೆಗೆ ಹಾಕುವ ಫೋಮಿನ ಗೋಡೌನಿಗೆ ಬೆಂಕಿ ಬಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಾಗಿಲು ದಾಟಿದರೆ ನನ್ನ ಕೈ ನನಗೇ ಕಾಣದಷ್ಟು ಕಪ್ಪು ಹೊಗೆ. "ಎಲ್ಲರೂ ಹೊರಗಿದಾರೆ ಸಾರ್, ಎಣಿಸಿದೀನಿ" ಎಂದು ಮ್ಯಾನೇಜರ್ ಹೇಳಿದ್ದ. ನಾನೂ ಸಾರೂ ತೆವಳಿಕೊಂಡು ಹೋಗಿ ನೀರು ಹಾಯಿಸಿದೆವು. ಮೇಲಿನ ಶೀಟುಗಳು ಜಗ್ಗತೊಡಗಿದಾಗ ಪೈಪಿನ ಗುಂಟ ಹಿಂದಕ್ಕೆ ಬರುತ್ತಿದ್ದೆವು. ಅವರು ತಟ್ಟನೆ ನಿಂತು ನನ್ನ ಭುಜ ಒತ್ತಿ ಹಿಡಿದರು.

"ಸೀಟಿ" ಅಂದರು.

ಉಸಿರು ಬಿಗಿಹಿಡಿದು ಆಲಿಸಿದೆ. ನನಗೇನೂ ಕೇಳಿಸಲಿಲ್ಲ.

"ಅಳೇ ಸೆಟ್ಟಿನ ಸೀಟಿ ಕಣೋ. ಅಲ್ಲಿ, ಎಡಕ್ಕೆ."

ಅಷ್ಟು ಹೇಳಿ ಪೈಪು ಬಿಟ್ಟು ಕತ್ತಲೊಳಗೆ ಹೋಗಿಬಿಟ್ಟರು. ಹೊಗೆಯಲ್ಲಿ ಪೈಪು ಬಿಟ್ಟವನಿಗೆ ದಾರಿ ಸಿಗುವುದಿಲ್ಲ ಎಂದು ನಮಗೆ ಕಲಿಸಿದವರೇ ಅವರು. ನಾನು ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದು ಕೈ ಚಾಚಿ, ಕೂಗುತ್ತ ಕೂತೆ. ಎಷ್ಟು ಹೊತ್ತೋ... ಕೊನೆಗೆ ನನ್ನ ಬೆರಳಿಗೆ ಒಂದು ಬಳೆಯ ಕೈ ತಗುಲಿತು.

ಅವರು ಒಬ್ಬ ಹೆಂಗಸನ್ನು ಎಳೆದು ತಂದಿದ್ದರು. ಬಿಸಿಲಿಗೆ ಬಂದ ಮೇಲೆ ನೋಡಿದರೆ ಅವರ ಮಾಸ್ಕು ಅವಳ ಮುಖದ ಮೇಲಿತ್ತು. ಅವರ ಮುಖ ಬರಿದಾಗಿತ್ತು. ಊಟದ ಡಬ್ಬಿ ತೊಳೆಯಲು ಹಿಂದಿನ ನಲ್ಲಿಗೆ ಹೋದವಳು ಅಲ್ಲೇ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳು ಬದುಕಿದಳು.

ವಿಚಾರಣೆಗೆ ಬಂದ ಅಧಿಕಾರಿ, ಒಳಗೆ ಜನ ಇರುವುದು ಹೇಗೆ ಗೊತ್ತಾಯಿತೆಂದು ಕೇಳಿದರು. "ಸೀಟಿ ಕೇಳಿಸ್ತು ಸಾರ್" ಅಂದರು ಇವರು. ಅಲ್ಲಿ ಸೀಟಿ ಇರುವ ಒಂದು ಸೆಟ್ಟೂ ಇರಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿದರು. "ನಿನಗೆ?"

"ಕೇಳಿಸ್ತು ಸಾರ್" ಅಂದೆ.

ಹೊರಗೆ ಬಂದ ಮೇಲೆ ಸಾರ್ ಬೀಡಿ ಹಚ್ಚಲು ಹೋಗಿ, ಕೆಮ್ಮು ಬಂದು, ಬಿಸಾಕಿದರು. "ನೀನು ಸುಳ್ಳೇಳ್ದೆ. ಇರ್ಲಿ ಬಿಡು. ನಿಂಗೆ ಕೇಳಿಸ್ದೇ ಇರೋದೇ ಒಳ್ಳೇದು."

ಆ ಕೆಮ್ಮು ಬಿಡಲಿಲ್ಲ. ನಿವೃತ್ತಿಯಾದ ಎರಡೇ ವರ್ಷಕ್ಕೆ ರಾಜಗೋಪಾಲನಗರದ ಮನೆಯಲ್ಲಿ ಮಲಗಿಬಿಟ್ಟರು. ಆ ಹೆಂಗಸು ಊರಿನ ಇನ್ನೊಂದು ತುದಿಯ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಸೇರಿದ್ದಳು. ಆದರೂ ಭಾನುವಾರ ಎರಡು ಬಸ್ಸು ಬದಲಿಸಿ ನೋಡಲು ಬರುತ್ತಿದ್ದಳು. ಅವರು ತೀರಿಕೊಂಡ ದಿನ ನನಗಿಂತ ಮೊದಲೇ ಬಂದು ಬಾಗಿಲ ಬಳಿ ಕೂತಿದ್ದಳು.

"ಅವತ್ತು ನಾನು ಕೂಗ್ಲೇ ಇಲ್ವಲ್ಲಣ್ಣ" ಅಂದಳು. "ಬಿದ್ದೋಗಿದ್ದೆ. ಇವ್ರು ಯಾರನ್ನ ಹುಡುಕ್ಕೊಂಡು ಬಂದ್ರು?"

ನಾನು ಅವಳ ಪಕ್ಕ ಕೂತೆ. ಈಗ ನನಗೂ ನಿವೃತ್ತಿಯಾಗಿದೆ. ಅವರ ಮಂಚದ ಪಕ್ಕ ಎಷ್ಟೋ ಮಧ್ಯಾಹ್ನ ಕೂತಿದ್ದೆ, ಆ ಸೀಟಿ ಯಾರದೆಂದು ಕೇಳಬಹುದಿತ್ತು. ಕೇಳಲು ಹೆದರಿದೆ. ಈಗ ಹೆದರಿಕೆ ಇಲ್ಲ, ಅವರೂ ಇಲ್ಲ.